ಸ್ಮ್ಯಾಶ್ ಹೊಡೆದಷ್ಟೂ ವಾಪಸ್ ಕಳಿಸುವವರ ಎದುರು ಏನು ಆಡಬೇಕು?

ಬ್ಯಾಡ್ಮಿಂಟನ್‌ನಲ್ಲಿ ನನ್ನ ಸ್ಮ್ಯಾಶ್ (ಮೇಲಿಂದ ಕೆಳಕ್ಕೆ ಬಾರಿಸುವ ಜೋರು ಹೊಡೆತ) ಚೆನ್ನಾಗಿದ್ದರೂ ನಮ್ಮ ಕೋರ್ಟಿಗೆ ಬರುವ ಐವತ್ತು ದಾಟಿದ ಹಿರಿಯರೊಬ್ಬರ ಹತ್ತಿರ ಪ್ರತಿ ಸಲ ಸೋಲುತ್ತೇನೆ, ಎದುರಾಳಿ ನೋಡಿ ಶಾಟ್ ಬದಲಿಸಬೇಕಾ ಅಂತ ಕೇಳಿದ್ದೀರಿ. ಖಂಡಿತ ಬದಲಿಸಬೇಕು. ಇಂಥವರೊಬ್ಬರ ಕೈಲಿ ನಾನೂ ಎರಡು ವರ್ಷ ಸೋತಿದ್ದೇನೆ.

ಹಿಂದಿನ ಗೆರೆಯಿಂದ ನಾನು ಹೊಡೆದ ಸ್ಮ್ಯಾಶ್ ಅವರನ್ನು ಮುಟ್ಟುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ವೇಗ ಕಳೆದುಕೊಂಡಿರುತ್ತಿತ್ತು. ಅವರು ರಾಕೆಟ್ ಬೀಸುತ್ತಲೇ ಇರಲಿಲ್ಲ, ಸುಮ್ಮನೆ ಅಡ್ಡ ಹಿಡಿಯುತ್ತಿದ್ದರು. ಶಟಲ್ ನೆಟ್ ದಾಟಿದ್ದೇ ತಡ, ಅಲ್ಲೇ ಬೀಳುತ್ತಿತ್ತು. ಹೊಡೆದ ಕಾಲು ನೆಲಕ್ಕೆ ಊರುವ ಮೊದಲೇ ನಾನು 6.70 ಮೀಟರ್ ಮುಂದಕ್ಕೆ ಓಡಬೇಕಿತ್ತು.

ಆಮೇಲೆ ಆತುರದ ಸ್ಮ್ಯಾಶ್ ಬಿಟ್ಟೆ. ಅವರ ಬ್ಯಾಕ್‌ಹ್ಯಾಂಡ್ ಮೂಲೆಗೆ, ಅಂದರೆ ರಾಕೆಟ್ ಹಿಡಿಯದ ಕೈ ಕಡೆಯ ಹಿಂದಿನ ಮೂಲೆಗೆ, ಎತ್ತರದ ಟಾಸ್ (ಮೇಲೆತ್ತಿ ಹಿಂದಕ್ಕೆ ಕಳಿಸುವ ಶಾಟ್), ಮತ್ತೆ ಅಲ್ಲಿಗೇ ಇನ್ನೊಂದು, ಆಮೇಲೆ ರಾಕೆಟ್ ಹಿಡಿದ ಕೈ ಇರುವ ಫೋರ್‌ಹ್ಯಾಂಡ್ ಕಡೆ ನೆಟ್ ಹತ್ತಿರ ಮೆಲ್ಲಗೆ ಇಳಿಸುವ ಡ್ರಾಪ್. ಅವರು ಬಗ್ಗಿ ಎತ್ತಿದ ಶಟಲ್ ಹಿಂದಿನವರೆಗೆ ಬರದೆ ನಡುಕೋರ್ಟಲ್ಲಿ ಉಳಿದರೆ ಮಾತ್ರ ಸ್ಮ್ಯಾಶ್. ಅದೂ ಮೂಲೆಗಲ್ಲ, ರಾಕೆಟ್ ಹಿಡಿದ ಕೈಯ ಸೊಂಟದ ಮೇಲಕ್ಕೆ. ಅಲ್ಲಿಗೆ ಬಂದ ಶಟಲ್ ತೆಗೆಯಲು ಮೊಣಕೈಗೆ ಜಾಗವೇ ಸಿಗುವುದಿಲ್ಲ.

ಎದುರಿನವರೇ ಸ್ಮ್ಯಾಶ್ ಮಾಡುವವರಾದರೆ ಅವರಿಗೆ ಎತ್ತಿ ಕೊಡುವುದನ್ನು ಕಡಿಮೆ ಮಾಡಿ, ನೆಟ್ ಹತ್ತಿರ ಎಳೆಯಿರಿ. ಬ್ಯಾಡ್ಮಿಂಟನ್ನಿನ ದೊಡ್ಡ ಟೂರ್ನಿಯಾದ ಆಲ್ ಇಂಗ್ಲೆಂಡ್‌ನ 1980ರ ಫೈನಲ್‌ನಲ್ಲಿ ಪ್ರಕಾಶ್ ಪಡುಕೋಣೆ ಎದುರಿಗಿದ್ದದ್ದು ಹಾರಿ ಹೊಡೆಯುವ ಸ್ಮ್ಯಾಶ್‌ಗೆ ಹೆಸರಾದ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್, ಹಿಂದಿನ ಎರಡು ವರ್ಷವೂ ಗೆದ್ದಿದ್ದವರು. ಪ್ರಕಾಶ್ ವೇಗಕ್ಕೆ ವೇಗ ಕೊಡಲಿಲ್ಲ. ಆಟವನ್ನು ತಮ್ಮ ಗತಿಗೆ ಇಳಿಸಿ 15-3, 15-10ರಲ್ಲಿ ಗೆದ್ದರು. ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ ಆಟ ಕಲಿತವರು ಲಂಡನ್ನಿನಲ್ಲಿ ಹೀಗೆ ಆಡಿದರು ಅಂತ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಎಡಗೈಯವರಾದರೆ ಒಂದೇ ಎಚ್ಚರ: ನಿಮ್ಮ ಕೈಗೆ ರೂಢಿಯಾದ ಬ್ಯಾಕ್‌ಹ್ಯಾಂಡ್ ಮೂಲೆಯ ಟಾಸ್ ನೇರ ಅವರ ಫೋರ್‌ಹ್ಯಾಂಡಿಗೆ ಹೋಗುತ್ತದೆ.

ಮುಂದಿನ ಸಲ ಆ ಹಿರಿಯರ ಜೊತೆ ಆಡುವಾಗ ಒಬ್ಬರು 11 ಪಾಯಿಂಟ್ ಮುಟ್ಟಿದಾಗ ಸಿಗುವ ಬ್ರೇಕ್ ತನಕ ಹಿಂದಿನ ಗೆರೆಯಿಂದ ಒಂದೂ ಜೋರು ಸ್ಮ್ಯಾಶ್ ಹೊಡೆಯಬೇಡಿ. ಅವರ ಕಾಲು ಯಾವ ಮೂಲೆಗೆ ತಡವಾಗಿ ಹೋಗುತ್ತದೆ ಅಂತ ನೋಡಿಕೊಂಡು ಬಂದು ಇಲ್ಲಿ ಬರೆಯಿರಿ, ಮುಂದಿನದನ್ನು ಆಗ ಮಾತಾಡೋಣ.