ಓದುಗರ ಪ್ರಶ್ನೆ, ನಮ್ಮ ಉತ್ತರ: ಅಜ್ಜಿ ಒಪ್ಪದ ಮೂಲ, ಮೊಮ್ಮಗಳು ಒಪ್ಪಿದ ಹೆಸರು

ಪ್ರಶ್ನೆ: ನ್ಯೂಯಾರ್ಕಿನಲ್ಲಿ ನೌಕರಿಯಲ್ಲಿರುವ ನನ್ನ ಮಗ ತನ್ನ ಸಹೋದ್ಯೋಗಿಯೊಬ್ಬಳನ್ನು ಮದುವೆಯಾಗಲು ನಿಶ್ಚಯಿಸಿದ್ದಾನೆ. ಹುಡುಗಿಯ ತಂದೆ-ತಾಯಿ ಡೊಮಿನಿಕನ್ ಗಣರಾಜ್ಯದಿಂದ ಬಂದವರು, ಮನೆಮಾತು ಸ್ಪ್ಯಾನಿಷ್. ಆಕೆ ತನ್ನನ್ನು ಆಫ್ರೋ-ಲ್ಯಾಟಿನಾ ಎಂದು ಹೇಳಿಕೊಳ್ಳುತ್ತಾಳೆ; ಆದರೆ ಅವಳ ಅಜ್ಜಿ ಮಾತ್ರ ‘ನಾವು ಕರಿಯರಲ್ಲ’ ಎಂದು ಗದರಿಸುತ್ತಾರಂತೆ. ಇತ್ತ ಫೋಟೊ ನೋಡಿದ ನನ್ನ ಅಕ್ಕ, “ಹುಡುಗಿ ಭಾಳ ಕಪ್ಪ ಅದಾಳ, ಮುಂದ ಮಕ್ಕಳು ಹ್ಯಾಂಗ ಆಗ್ತಾವ?” ಎಂದು ಕೇಳಿದರು. ಮದುವೆಗೆ ನನ್ನ ಅಡ್ಡಿಯಿಲ್ಲ. ಅಜ್ಜಿ-ಮೊಮ್ಮಗಳ ನಡುವೆ ಈ ಭೇದ ಏಕೆ, ಅಕ್ಕನಿಗೆ ನಾನು ಏನು ಹೇಳಬೇಕು, ದಯವಿಟ್ಟು ತಿಳಿಸಿರಿ.
– ನಿವೃತ್ತ ಶಿಕ್ಷಕರು, ಜಮಖಂಡಿ

ಉತ್ತರ: ಗುಲಾಮಗಿರಿಯ ಇತಿಹಾಸ ಎಂದೊಡನೆ ನಮಗೆ ಅಮೆರಿಕ ಸಂಯುಕ್ತ ಸಂಸ್ಥಾನ ನೆನಪಾಗುತ್ತದೆ. ಆದರೆ ಅಟ್ಲಾಂಟಿಕ್ ದಾಟಿ ಜೀವಂತವಾಗಿ ದಡ ಸೇರಿದ ಸುಮಾರು 1 ಕೋಟಿ 7 ಲಕ್ಷ ಆಫ್ರಿಕನ್ನರಲ್ಲಿ ನೇರವಾಗಿ ಆ ದೇಶಕ್ಕೆ ಬಂದವರು 4 ಲಕ್ಷಕ್ಕಿಂತ ಕಡಿಮೆ. ಬ್ರೆಜಿಲ್ ಒಂದಕ್ಕೇ ಬಂದವರು ಸುಮಾರು 48 ಲಕ್ಷ. ಕ್ಯೂಬಾ, ಕೊಲಂಬಿಯಾ, ಪೋರ್ಟೊ ರಿಕೊಗಳಲ್ಲಿಯೂ ಅವರ ಸಂತತಿ ಬೆಳೆದಿದೆ. ಸ್ಪ್ಯಾನಿಷ್ ಅಥವಾ ಪೋರ್ಚುಗೀಸ್ ಮಾತನಾಡುತ್ತ, ಆಫ್ರಿಕದ ಮೂಲವನ್ನೂ ತಮ್ಮದೆಂದು ಹೇಳಿಕೊಳ್ಳುವ ಇವರೇ ಆಫ್ರೋ-ಲ್ಯಾಟಿನೊಗಳು. ನಿಮ್ಮ ಬೀಗರ ನಾಡಂತೂ ಈ ಕಥೆಯ ಮೊದಲ ಪುಟದಲ್ಲಿಯೇ ಇದೆ: ಅಲ್ಲಿಯ ಕಬ್ಬಿನ ತೋಟದ ಆಫ್ರಿಕನ್ ಗುಲಾಮರು 1521ರಲ್ಲಿಯೇ ದಂಗೆಯೆದ್ದಿದ್ದರು.

ಹಾಗಿದ್ದರೂ ಅಜ್ಜಿ ಒಪ್ಪುವುದಿಲ್ಲವೇಕೆ? ಡೊಮಿನಿಕನ್ ಗಣರಾಜ್ಯದೊಡನೆ ಒಂದೇ ದ್ವೀಪವನ್ನು ಹಂಚಿಕೊಂಡ ನೆರೆದೇಶ ಹೈತಿ, ಗುಲಾಮರು ತಾವೇ ಹೋರಾಡಿ ಸ್ವತಂತ್ರಗೊಳಿಸಿಕೊಂಡ ದೇಶ. 1822ರಲ್ಲಿ ಹೈತಿಯ ಆಡಳಿತ ದ್ವೀಪದ ಪೂರ್ವಭಾಗಕ್ಕೂ ಬಂದು ಅಲ್ಲಿಯ ಗುಲಾಮಗಿರಿಯನ್ನು ರದ್ದುಪಡಿಸಿತು. ಆದರೆ 1844ರಲ್ಲಿ ಡೊಮಿನಿಕನ್ನರು ಬೇರೆಯಾದದ್ದು ಹೈತಿಯಿಂದಲೇ ಆದ್ದರಿಂದ, ಕಪ್ಪು ಎಂದರೆ ಹೈತಿ, ನಾವು ಹೈತಿಯವರಲ್ಲ, ಆದ್ದರಿಂದ ನಾವು ಕಪ್ಪಲ್ಲ ಎಂಬ ಲೆಕ್ಕ ಬಲವಾಗುತ್ತ ಹೋಯಿತು. 1930ರಿಂದ 1961ರವರೆಗೆ ದೇಶವನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಸರ್ವಾಧಿಕಾರಿ ತ್ರುಹಿಯೊ ಇದನ್ನೇ ರಾಜ್ಯದ ನೀತಿಯನ್ನಾಗಿಸಿದ; 1937ರ ಅಕ್ಟೋಬರಿನಲ್ಲಿ ಗಡಿಭಾಗದ ಸಾವಿರಾರು ಹೈತಿಯನ್ನರನ್ನು ಅವನ ಸೈನಿಕರು ಕೊಂದರು. ತಾಯಿಯ ಕಡೆಯಿಂದ ಸ್ವತಃ ಹೈತಿಯ ಮೂಲವಿದ್ದ ಈ ಮನುಷ್ಯ ಬೆಳ್ಳಗೆ ಕಾಣಲು ಮುಖಕ್ಕೆ ಪೌಡರ್ ಬಳಿದುಕೊಳ್ಳುತ್ತಿದ್ದ. ಗುರುತಿನ ಚೀಟಿಯಲ್ಲಿಯೂ ದಶಕಗಳ ಕಾಲ ಕಂದು ಮೈಬಣ್ಣದವರನ್ನು ‘ಇಂಡಿಯೊ’, ಅಂದರೆ ಮೂಲನಿವಾಸಿಗಳ ಬಣ್ಣದವರು, ಎಂದು ನಮೂದಿಸಲಾಯಿತು. ಆ ಮೂಲನಿವಾಸಿಗಳಾದರೋ ಸ್ಪ್ಯಾನಿಷರ ಕೈಯಲ್ಲಿ 16ನೆಯ ಶತಮಾನದಲ್ಲಿಯೇ ಬಹುಪಾಲು ನಾಶವಾಗಿದ್ದರು. ಸರ್ಕಾರವೇ ಬರೆದುಕೊಟ್ಟ ಗುರುತನ್ನು ಜೀವಮಾನವಿಡೀ ನಂಬಿದ ಹಿರಿಯ ಜೀವವನ್ನು ದೂಷಿಸಲು ನನಗೆ ಮನಸ್ಸು ಬಾರದು. ನಿಮ್ಮ ಮಗನೂ ಆ ಅಜ್ಜಿಯೊಡನೆ ವಾದಕ್ಕಿಳಿಯುವುದು ಬೇಡ.

ಕೂದಲಿನ ವಿಷಯವನ್ನೂ ಹೇಳಬೇಕು. ಸುರುಳಿ ಕೂದಲನ್ನು ಅಲ್ಲಿ ‘ಕೆಟ್ಟ ಕೂದಲು’ ಎಂದು ಮನೆಯವರೇ ಹಳಿಯುವುದುಂಟು. ಹೆಣ್ಣುಮಕ್ಕಳನ್ನು ಎಳವೆಯಿಂದಲೇ ಸಲೂನಿನಲ್ಲಿ ಕೂರಿಸಿ, ಒದ್ದೆ ಕೂದಲನ್ನು ದುಂಡು ಬ್ರಷ್ಷಿಗೆ ಸುತ್ತಿ, ಬಿಸಿಗಾಳಿಯ ಯಂತ್ರ ಹಿಡಿದು ನೆತ್ತಿಯ ಚರ್ಮ ಚುರುಗುಟ್ಟುವಂತೆ ಎಳೆದೆಳೆದು ನೇರ ಮಾಡಿಸುತ್ತಾರೆ. ನಿಮ್ಮ ಭಾವೀ ಸೊಸೆ ಸುರುಳಿ ಕೂದಲನ್ನು ಹಾಗೆಯೇ ಬಿಟ್ಟುಕೊಂಡು ಬಂದರೆ, ಅದು ತಲೆ ಬಾಚಿಕೊಳ್ಳದ ಉದಾಸೀನವೆಂದು ನಿಮ್ಮವರು ತಿಳಿಯದಿರಲಿ.

ಮೊಮ್ಮಗಳ ಪೀಳಿಗೆಗೆ ಆಫ್ರೋ-ಲ್ಯಾಟಿನೊ ಎಂಬ ಹೆಸರು ಸುಮ್ಮನೆ ಸಿಕ್ಕಿದ್ದಲ್ಲ. 1874ರಲ್ಲಿ ಪೋರ್ಟೊ ರಿಕೊದಲ್ಲಿ ಜನಿಸಿದ ಆರ್ತುರೊ ಶಾಂಬರ್ಗ್‌ಗೆ, ಕರಿಯರಿಗೆ ಇತಿಹಾಸವೇ ಇಲ್ಲವೆಂದು ಶಾಲೆಯಲ್ಲಿ ಶಿಕ್ಷಕಿಯೊಬ್ಬರು ಹೇಳಿದರಂತೆ. ಆತ ನ್ಯೂಯಾರ್ಕಿಗೆ ಹೋಗಿ, ಆಫ್ರಿಕ ಮೂಲದವರ ಪುಸ್ತಕ, ಹಸ್ತಪ್ರತಿ, ಚಿತ್ರಗಳನ್ನು ಸಾವಿರಗಟ್ಟಲೆ ಕೂಡಿಹಾಕಿದ. 1926ರಲ್ಲಿ ಆ ನಗರದ ಸಾರ್ವಜನಿಕ ಗ್ರಂಥಾಲಯಕ್ಕೆ ಸೇರಿದ ಆ ಸಂಗ್ರಹ ಇಂದಿಗೂ ಹಾರ್ಲೆಮ್‌ನಲ್ಲಿದೆ. 1992ರಲ್ಲಿ ಹಲವು ದೇಶಗಳ ಆಫ್ರೋ-ಲ್ಯಾಟಿನ್ ಮಹಿಳೆಯರು ಸಭೆ ಸೇರಿ ಸಂಘಟನೆ ಕಟ್ಟಿದ್ದು ಡೊಮಿನಿಕನ್ ರಾಜಧಾನಿಯಲ್ಲಿಯೇ. ಮೆಕ್ಸಿಕೊ 2020ರ ತನ್ನ ಜನಗಣತಿಯಲ್ಲಿ ಮೊದಲ ಬಾರಿಗೆ ಆಫ್ರಿಕ ಮೂಲದ ಪ್ರಶ್ನೆಯನ್ನು ಕೇಳಿದಾಗ ಸುಮಾರು 25 ಲಕ್ಷ ಜನ ಹೌದೆಂದರು.

ಇನ್ನು ನಿಮ್ಮ ಅಕ್ಕನವರ ಮಾತು. ‘ಮಕ್ಕಳು ಬೆಳ್ಳಗೇ ಹುಟ್ಟಬಹುದು’ ಎಂದು ಸಮಾಧಾನ ಹೇಳಬೇಡಿ. ಹಾಗೆಂದರೆ ಕಪ್ಪು ಒಂದು ಕುಂದು ಎಂದು ನೀವೂ ಒಪ್ಪಿದಂತಾಗುತ್ತದೆ. ಲ್ಯಾಟಿನ್ ಅಮೆರಿಕದಲ್ಲಿಯೂ ತಮಗಿಂತ ಬಿಳಿಯರನ್ನು ಕಟ್ಟಿಕೊಂಡು ‘ಕುಲ ಸುಧಾರಿಸಿಕೊಳ್ಳಿ’ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಬಸುರಿಗೆ ಕೇಸರಿ ಹಾಲು ಕುಡಿಸುವ, ಕನ್ಯಾ ನೋಡಲು ಹೋದಲ್ಲಿ ಮೊದಲು ಮೈಬಣ್ಣ ಅಳೆಯುವ ನಮಗೆ ಆ ಮಾತು ಹೊಸದೇನಲ್ಲ. ಈ ಸಂಬಂಧ ನಮಗೆ ಪೂರ್ಣ ಒಪ್ಪಿಗೆ, ಮಕ್ಕಳ ಬಣ್ಣದ ಮಾತು ನಮ್ಮ ಮನೆಯಲ್ಲಿ ಬೇಡ ಎಂದು ಅಕ್ಕನವರಿಗೆ ಗೌರವದಿಂದ, ಆದರೆ ಖಚಿತವಾಗಿ ಹೇಳಿ. ಅರಿಶಿನ ಹಚ್ಚುವ ಹೊತ್ತಿನಲ್ಲಿ “ಎಷ್ಟ ಹಚ್ಚಿದರೂ ಬಣ್ಣ ಏರೂದಿಲ್ಲ” ಎಂಬ ಚೇಷ್ಟೆ ನಮ್ಮ ಕಡೆ ಎಷ್ಟು ಸಲೀಸಾಗಿ ಬರುತ್ತದೆಂಬುದು ತಮಗೆ ಗೊತ್ತೇ ಇದೆ. ಮನೆಯ ಹೆಣ್ಣುಮಕ್ಕಳಿಗೆ ಈಗಲೇ ತಿಳಿಹೇಳುವುದು ಒಳ್ಳೆಯದು. ಭಾಷೆ ತಿಳಿಯದಿದ್ದರೂ ನಗು ಯಾರ ಮೇಲೆಂಬುದು ಹುಡುಗಿಗೆ ತಿಳಿಯುತ್ತದೆ.

ಪ್ರಶ್ನೆ: ನಮ್ಮೂರಿನ ಆದಿಲ್‌ಶಾಹಿ ದರ್ಬಾರಿನಲ್ಲಿ ಆಫ್ರಿಕ ಮೂಲದ ಸರದಾರರಿದ್ದರೆಂದು ಓದಿದ್ದೇನೆ. ಅವರಿಗೂ ಇಂದಿನ ಸಿದ್ದಿ ಜನರಿಗೂ ಏನು ವ್ಯತ್ಯಾಸ?
– ಬಿ.ಎ. ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಇದ್ದರು. 1580ರ ದಶಕದಲ್ಲಿ ಬಾಲಕ ಇಬ್ರಾಹಿಂ ಆದಿಲ್‌ಶಾಹನ ಪರವಾಗಿ ರಾಜ್ಯವಾಳಿದ ದಿಲಾವರ್ ಖಾನ್ ಹಬಶಿ, ಅಂದರೆ ಆಫ್ರಿಕದ ಅಬಿಸೀನಿಯಾ (ಇಂದಿನ ಇಥಿಯೋಪಿಯಾ) ಕಡೆಯ, ಮೂಲದವನು. ಗೋಳಗುಮ್ಮಟದಲ್ಲಿ ಮಲಗಿರುವ ಮಹಮ್ಮದ್ ಆದಿಲ್‌ಶಾಹನ ಬಳಿ ಇಖ್ಲಾಸ್ ಖಾನ್ ಪ್ರಧಾನಿಯ ಪದವಿಗೇರಿದ. ಸುಲ್ತಾನನೊಂದಿಗೆ ಒಂದೇ ಆನೆಯ ಮೇಲೆ ಕುಳಿತ ಅವನ ಕಪ್ಪು ಮುಖವನ್ನು ಅಂದಿನ ಚಿತ್ರಕಾರರು ಸ್ವಲ್ಪವೂ ತಿಳಿಗೊಳಿಸದೆ ಬರೆದಿದ್ದಾರೆ. ದಖ್ಖನಿನಲ್ಲಿ ಸೈನಿಕ ಗುಲಾಮನಿಗೆ ಕತ್ತಿಯ ಬಲದಿಂದ ಮೇಲೇರುವ ದಾರಿಯಿತ್ತು. ಸಿದ್ದಿಗಳ ಪೂರ್ವಿಕರಲ್ಲಿ ಬಹಳಷ್ಟು ಜನರನ್ನಾದರೋ ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ತಂದು ದುಡಿಸಿಕೊಂಡರು. ತಪ್ಪಿಸಿಕೊಂಡವರು ಯಲ್ಲಾಪುರ, ಹಳಿಯಾಳ, ಖಾನಾಪುರದ ಕಾಡು ಸೇರಿದರು. ಬ್ರೆಜಿಲ್ ಮತ್ತು ಕೊಲಂಬಿಯಾದಲ್ಲಿ ಓಡಿಹೋದ ಗುಲಾಮರು ಕಾಡಿನೊಳಗೆ ಊರು ಕಟ್ಟಿದ್ದೂ ಇದೇ ಶತಮಾನಗಳಲ್ಲಿ. ಕೊಲಂಬಿಯಾದ ಪಾಲೆಂಕೆ ಎಂಬ ಅಂಥದೊಂದು ಹಳ್ಳಿಯ ಜನ ಇಂದಿಗೂ ತಮ್ಮದೇ ಭಾಷೆ ಉಳಿಸಿಕೊಂಡಿದ್ದಾರೆ. ನಮ್ಮ ಸಿದ್ದಿಗಳ ಮನೆಯಲ್ಲಿ ಕೊಂಕಣಿ, ಕನ್ನಡಗಳು ನೆಲೆಸಿದವು, ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮಗಳವರು ಅವರಲ್ಲಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ದೊರೆತ ಪರಿಶಿಷ್ಟ ಪಂಗಡದ ಸ್ಥಾನ ಬೆಳಗಾವಿ, ಧಾರವಾಡ ಜಿಲ್ಲೆಗಳವರಿಗೆ ದೊರೆಯಲು 2020 ಬರಬೇಕಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿನ ಸದಸ್ಯರಾದರು. ಇಷ್ಟಾದರೂ, ಈ ಮಣ್ಣಿನಲ್ಲಿ ಹುಟ್ಟಿ ಕನ್ನಡದಲ್ಲಿಯೇ ಮಾತನಾಡುವ ಸಿದ್ದಿ ಯುವಕನನ್ನು ಬಸ್ಸಿನಲ್ಲಿ “ಯಾವ ದೇಶದವರು?” ಎಂದು ಕೇಳುವುದು ಇನ್ನೂ ನಿಂತಿಲ್ಲ.