ದೇಶದ ಆರೋಗ್ಯ ವೆಚ್ಚವನ್ನು ಲೆಕ್ಕ ಹಾಕುವುದು ಹೇಗೆ? ಒಂದೇ ವರ್ಷಕ್ಕೆ ಎರಡು ಅಂಕಿಗಳೇಕೆ?

ಒಂದು ದೇಶ ಆರೋಗ್ಯಕ್ಕಾಗಿ ಜಿಡಿಪಿಯ ಶೇಕಡಾ ಇಷ್ಟು ವ್ಯಯಿಸಿತು ಎನ್ನುವವರು ಎಲ್ಲ ಆಸ್ಪತ್ರೆಗಳ ಬಿಲ್ಲುಗಳನ್ನು ಕೂಡಿರುತ್ತಾರೆಯೇ ಎಂದು ನೀವು ಕೇಳಿದ್ದೀರಿ; ಒಂದೇ ದೇಶದ ಒಂದೇ ವರ್ಷಕ್ಕೆ ಎರಡು ಕಡೆ ಎರಡು ಅಂಕಿಗಳು ಸಿಕ್ಕಿದ್ದೇಕೆ ಎಂಬುದು ನಿಮ್ಮ ಇನ್ನೊಂದು ಸಂದೇಹ. ಆರೋಗ್ಯ ವೆಚ್ಚದ ಕೋಷ್ಟಕಗಳನ್ನು ಕೆಲಸದ ನಿಮಿತ್ತ ಬಳಸುವವನಾದ್ದರಿಂದ ತುಸು ವಿವರವಾಗಿಯೇ ಉತ್ತರಿಸುತ್ತೇನೆ.

ಬಿಲ್ಲುಗಳನ್ನು ಯಾರೂ ಕೂಡುವುದಿಲ್ಲ. ಬೇರೆ ಬೇರೆ ಉದ್ದೇಶಗಳಿಗಾಗಿ ಈಗಾಗಲೇ ಇರುವ ದಾಖಲೆಗಳನ್ನು, ಅಂದರೆ ಸರ್ಕಾರದ ವೆಚ್ಚದ ಲೆಕ್ಕ, ವಿಮಾ ಸಂಸ್ಥೆಗಳ ವರದಿ, ಔಷಧ ಮಾರಾಟದ ಮಾಹಿತಿ ಮತ್ತು ಕುಟುಂಬ ಸಮೀಕ್ಷೆಗಳನ್ನು, ಒಂದು ಚೌಕಟ್ಟಿಗೆ ಹೊಂದಿಸಲಾಗುತ್ತದೆ. ಆ ಚೌಕಟ್ಟನ್ನು ಒಇಸಿಡಿ, ಅಂದರೆ ಬಹುತೇಕ ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಘಟನೆ, 2000ದಲ್ಲಿ ಹೊರತಂದಿತು. 2011ರಲ್ಲಿ ಅದನ್ನು ಯೂರೋಸ್ಟ್ಯಾಟ್ (ಐರೋಪ್ಯ ಒಕ್ಕೂಟದ ಅಂಕಿಅಂಶ ಕಚೇರಿ) ಮತ್ತು ವಿಶ್ವ ಆರೋಗ್ಯ ಸಂಸ್ಥೆಯೊಡನೆ ಸೇರಿ ಪರಿಷ್ಕರಿಸಿತು. ಪ್ರತಿಯೊಂದು ವೆಚ್ಚವೂ ಅಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರಿಸಬೇಕು: ಯಾವ ಸೇವೆಗೆ ಸಂದಿತು, ಯಾರು ಆ ಸೇವೆ ಒದಗಿಸಿದರು, ಯಾವ ಹಣಕಾಸು ವ್ಯವಸ್ಥೆಯ ಮೂಲಕ ಪಾವತಿಯಾಯಿತು. ಮೂರು ಕಡೆಯಿಂದ ಕೂಡಿದರೂ ಮೊತ್ತ ಒಂದೇ ಆಗಬೇಕು. ಆಗದಿದ್ದರೆ ಏನೋ ಎರಡು ಸಲ ಸೇರಿದೆ, ಇಲ್ಲವೇ ಬಿಟ್ಟುಹೋಗಿದೆ.

ಎರಡು ಸಲ ಸೇರುವ ಅಪಾಯವೇ ಹೆಚ್ಚು. ವಿಮೆಯ ಪ್ರೀಮಿಯಂ ಒಂದು ಕಡೆ, ಅದೇ ವಿಮೆ ಆಸ್ಪತ್ರೆಗೆ ತೆತ್ತ ಹಣ ಇನ್ನೊಂದು ಕಡೆ ಸೇರಿದರೆ ಮೊತ್ತ ಉಬ್ಬುತ್ತದೆ. ಆದ್ದರಿಂದ ಆಸ್ಪತ್ರೆಗೆ ಸಂದದ್ದನ್ನು ಸೇವೆಯ ವೆಚ್ಚವೆಂದೂ ವಿಮೆ ನಡೆಸಲು ತಗಲಿದ್ದನ್ನು ಆಡಳಿತ ವೆಚ್ಚವೆಂದೂ ಬೇರ್ಪಡಿಸಿ ಬರೆಯುತ್ತಾರೆ. ಒಳರೋಗಿಗೆ ಆಸ್ಪತ್ರೆಯೇ ಕೊಟ್ಟ ಔಷಧವೂ ಪ್ರತ್ಯೇಕವಾಗಿ ಕಾಣುವುದಿಲ್ಲ, ಅದು ಚಿಕಿತ್ಸೆಯ ವೆಚ್ಚದೊಳಗೇ ಅಡಗಿರುತ್ತದೆ. ಹಾಗಾಗಿ ಕೋಷ್ಟಕದ ‘ಔಷಧ’ ಎಂಬ ಸಾಲನ್ನು ದೇಶದ ಒಟ್ಟು ಔಷಧ ವೆಚ್ಚವೆಂದು ತಿಳಿಯುವಂತಿಲ್ಲ. ವಿದೇಶಿಯರು ಬಂದು ಪಡೆದ ಚಿಕಿತ್ಸೆಯನ್ನು ಕೈಬಿಟ್ಟು, ನಿವಾಸಿಗಳು ಹೊರದೇಶದಲ್ಲಿ ಪಡೆದದ್ದನ್ನು ಸೇರಿಸಿಕೊಳ್ಳುತ್ತಾರೆ.

ಇಡೀ ಲೆಕ್ಕದ ದುರ್ಬಲ ಕೊಂಡಿ, ನನ್ನ ಅಭಿಪ್ರಾಯದಲ್ಲಿ, ಜನ ತಮ್ಮ ಕೈಯಿಂದಲೇ ಭರಿಸುವ ವೆಚ್ಚ. ಸರ್ಕಾರಕ್ಕೂ ವಿಮಾ ಕಂಪನಿಗೂ ಲೆಕ್ಕಪುಸ್ತಕವಿರುತ್ತದೆ, ಮನೆಗಳಿಗೆ ಇರುವುದಿಲ್ಲ. ಸಮೀಕ್ಷೆಯಲ್ಲಿ ಜನ ನೆನಪಿನಿಂದ ಹೇಳಬೇಕು. ಆಸ್ಪತ್ರೆಗೆ ದಾಖಲಾದದ್ದು ನೆನಪಿರುತ್ತದೆ, ನೆಗಡಿಗೆ ಕೊಂಡ ಮಾತ್ರೆ ಮರೆತುಹೋಗುತ್ತದೆ. ಸಮೀಕ್ಷೆ ಪ್ರತಿ ವರ್ಷ ನಡೆಯದ ಕಡೆ, ಹಿಂದಿನ ಸಮೀಕ್ಷೆಯ ಅಂಕಿಯನ್ನು ಬೆಲೆ ಏರಿಕೆ ಮತ್ತು ಜನಸಂಖ್ಯೆಗೆ ತಕ್ಕಂತೆ ಮುಂದಕ್ಕೆ ಎಳೆಯುತ್ತಾರೆ. ಭಾರತದ ರಾಷ್ಟ್ರೀಯ ಆರೋಗ್ಯ ಲೆಕ್ಕಗಳಲ್ಲಿ ಒಟ್ಟು ಆರೋಗ್ಯ ವೆಚ್ಚದಲ್ಲಿ ಈ ಸ್ವಂತ ವೆಚ್ಚದ ಪಾಲು 2016-17ರಲ್ಲಿ ಶೇಕಡಾ 58.7 ಇದ್ದದ್ದು 2017-18ರಲ್ಲಿ 48.8ಕ್ಕೆ ಇಳಿಯಿತು. ಅದೇ ಘಟ್ಟದಲ್ಲಿ ಆಧಾರದ ಸಮೀಕ್ಷೆಯೂ ಬದಲಾಗಿತ್ತು: ಮೊದಲು 2014ರ 71ನೇ ಸುತ್ತಿನ ರಾಷ್ಟ್ರೀಯ ಮಾದರಿ ಸಮೀಕ್ಷೆ, ಆಮೇಲೆ 2017-18ರ 75ನೇ ಸುತ್ತು. ಹೊಸ ಸುತ್ತಿನಲ್ಲಿ ಕಾಯಿಲೆಯಿದೆ ಎಂದು ಹೇಳಿಕೊಂಡವರ ಪ್ರಮಾಣವೇ ಕಡಿಮೆಯಿತ್ತು. ಸರ್ಕಾರಿ ವೆಚ್ಚವೂ ಆ ವರ್ಷ ಹೆಚ್ಚಿದ್ದು ನಿಜ. ಆದರೆ ಒಂದೇ ವರ್ಷದಲ್ಲಿ ಹತ್ತು ಶೇಕಡಾ ಅಂಶಗಳಷ್ಟು ಕುಸಿತವನ್ನು ಜನರ ಹೊರೆ ಇಳಿದದ್ದಕ್ಕೆ ಪೂರ್ಣ ಸಾಕ್ಷಿಯೆಂದು ನಾನು ಒಪ್ಪಲಾರೆ.

ಇನ್ನು ಎರಡು ಅಂಕಿಗಳ ವಿಷಯ. ಹೆಚ್ಚಿನ ಸಂದರ್ಭಗಳಲ್ಲಿ ಎರಡೂ ಸರಿಯೇ ಇರುತ್ತವೆ, ಗಡಿ ಮಾತ್ರ ಬೇರೆ. ಅಮೆರಿಕದ ಅಧಿಕೃತ ರಾಷ್ಟ್ರೀಯ ಆರೋಗ್ಯ ವೆಚ್ಚದಲ್ಲಿ ಸಂಶೋಧನೆ, ಕಟ್ಟಡ ಮತ್ತು ಉಪಕರಣಗಳ ಹೂಡಿಕೆಯೂ ಸೇರಿರುತ್ತದೆ. ಒಇಸಿಡಿ ಹೋಲಿಕೆಗೆ ಬಳಸುವ ಚಾಲ್ತಿ ವೆಚ್ಚದಲ್ಲಿ ಅವು ಇಲ್ಲದಿರುವುದರಿಂದ ಅದೇ ದೇಶ ಅಲ್ಲಿ ಕೊಂಚ ಕಡಿಮೆ ಖರ್ಚು ಮಾಡಿದಂತೆ ಕಾಣುತ್ತದೆ. ವೃದ್ಧರ ದೀರ್ಘಕಾಲೀನ ಆರೈಕೆ ಇನ್ನೂ ದೊಡ್ಡ ತಕರಾರು. ಊಟ ಮಾಡಿಸುವುದು, ಸ್ನಾನ ಮಾಡಿಸುವುದು ಆರೋಗ್ಯ ಸೇವೆಯೋ ಸಮಾಜ ಸೇವೆಯೋ? ಬ್ರಿಟನ್ 2016ರಲ್ಲಿ ಪರಿಷ್ಕೃತ 2011ರ ಚೌಕಟ್ಟಿಗೆ ಬದಲಾದಾಗ, ಬಹುಪಾಲು ಇಂಥ ಆರೈಕೆ ಒಳಗೆ ಬಂದ ಕಾರಣದಿಂದಲೇ, ಅದರ ಆರೋಗ್ಯ ವೆಚ್ಚ ಜಿಡಿಪಿಯ ಶೇಕಡಾ ಒಂದಕ್ಕಿಂತ ಹೆಚ್ಚು ಏರಿದಂತೆ ತೋರಿತು. ಆಸ್ಪತ್ರೆಯಲ್ಲಿ ಏನೂ ಬದಲಾಗಿರಲಿಲ್ಲ.

ಛೇದವನ್ನೂ, ಅಂದರೆ ವೆಚ್ಚವನ್ನು ಯಾವುದರಿಂದ ಭಾಗಿಸುತ್ತೇವೋ ಆ ಜಿಡಿಪಿಯನ್ನೂ, ಗಮನಿಸಿ; ಅದು ಏರಿಳಿದರೆ ಶೇಕಡಾವಾರೂ ಬದಲಾಗುತ್ತದೆ. ಅಮೆರಿಕದ ವೆಚ್ಚ 2019ರಲ್ಲಿ ಜಿಡಿಪಿಯ ಶೇಕಡಾ 17.5ರ ಆಸುಪಾಸಿನಲ್ಲಿದ್ದು, 2020ರಲ್ಲಿ 19ನ್ನು ದಾಟಿ, 2022ರ ವೇಳೆಗೆ ಮತ್ತೆ 17ರ ಸಮೀಪಕ್ಕೆ ಬಂತು. ಡಾಲರುಗಳ ಮೊತ್ತ ಮಾತ್ರ 2020ಕ್ಕಿಂತ 2022ರಲ್ಲಿ ಹೆಚ್ಚೇ ಇತ್ತು. ಐರ್ಲೆಂಡಿನಲ್ಲಿ ಬಹುರಾಷ್ಟ್ರೀಯ ಕಂಪನಿಗಳ ಲಾಭದಿಂದ ಜಿಡಿಪಿ ಉಬ್ಬಿರುವುದರಿಂದ ಆರೋಗ್ಯ ವೆಚ್ಚದ ಪಾಲು ಇರುವುದಕ್ಕಿಂತ ಸಣ್ಣದಾಗಿ ಕಾಣುತ್ತದೆ, ಅಂಥಲ್ಲಿ ತಲಾ ವೆಚ್ಚವನ್ನು ನೋಡುವುದು ಲೇಸು. ನಿಮಗೆ ಸಿಕ್ಕ ಎರಡು ಅಂಕಿಗಳ ಅಡಿಟಿಪ್ಪಣಿ ತೆರೆದು, ಬಂಡವಾಳ ವೆಚ್ಚ (ಕಟ್ಟಡ, ಉಪಕರಣಗಳ ಹೂಡಿಕೆ) ಸೇರಿದೆಯೇ, ದೀರ್ಘಕಾಲೀನ ಆರೈಕೆ ಸೇರಿದೆಯೇ, ಯಾವ ವರ್ಷದ ಪರಿಷ್ಕರಣೆ ಎಂಬುದನ್ನು ನೋಡಿದರೆ ವ್ಯತ್ಯಾಸದ ಬಹುಭಾಗ ಅಲ್ಲೇ ಸಿಗುತ್ತದೆ.