ಹೈಸ್ಕೂಲಿಗೆ ಕಂಪ್ಯೂಟರ್ ಬಂದಿವೆ, ಕಲಿಸೋಕೆ ಹೊರಗಿನವರನ್ನು ಇಟ್ಟುಕೊಳ್ಳಬೇಕಾ?

ಬೇಡ ಮೇಡಂ. ಕುಷ್ಟಗಿ ಕಡೆಯ ನಿಮ್ಮ ಶಾಲೆಯಲ್ಲಿ ಕಂಪ್ಯೂಟರ್ ಮೇಷ್ಟ್ರು ಇಲ್ಲ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ದುಡ್ಡಲ್ಲಿ ಒಬ್ಬರನ್ನು ಇಡೋಣ ಅಂತಿದ್ದೀರಿ. ನಾವು ಅದೇ ದಾರಿ ಹಿಡಿದು ಕೆಟ್ಟವರು.

ನಾನು ಲಿಂಗಸುಗೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳುತ್ತೇನೆ. ಶಾಲೆಗಳಿಗೆ ಕಂಪ್ಯೂಟರ್ ಕೊಡುವ ಸರ್ಕಾರದ ಐಸಿಟಿ ಯೋಜನೆಯಲ್ಲಿ ನಮಗೆ ಲ್ಯಾಬ್ ಬಂತು. ಕಂಪನಿಯೇ ಮಷಿನ್ ಹಾಕಿ, ಕಲಿಸೋಕೆ ಒಬ್ಬ ಹುಡುಗನನ್ನೂ ಕೊಟ್ಟಿತು. ಗುತ್ತಿಗೆ ಮುಗಿದ ಮೇಲೆ ಮಷಿನ್‌ಗಳೆಲ್ಲ ಶಾಲೆಗೇ ಸೇರೋದು. ಹುಡುಗ ಒಳ್ಳೆಯವನೇ. ಲ್ಯಾಬೇ ಅವನದು ಅಂತ ನಾವು ಬಿಟ್ಟದ್ದು ತಪ್ಪು. ಕೀಲಿ ಅವನ ಹತ್ತಿರ. ಪಾಸ್‌ವರ್ಡ್ ಅವನ ಹತ್ತಿರ. ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವವನೂ ಅವನೇ. ಮಕ್ಕಳು ಲ್ಯಾಬಿಗೆ ಹೋದರೆ ನಾನು ಸ್ಟಾಫ್ ರೂಮಲ್ಲಿ ಪೇಪರ್ ತಿದ್ದುತ್ತಿದ್ದೆ. ಅವರ ಜೊತೆ ಒಳಗೆ ಕೂತಿದ್ದರೆ ಸಾಕಿತ್ತು, ಅರ್ಧ ಕೆಲಸ ತಾನಾಗಿ ಕಲಿಯುತ್ತಿದ್ದೆ. ಗುತ್ತಿಗೆ ಮುಗಿಯಿತು, ಅವನು ಹೋದ. ಬ್ಯಾಟರಿಗೆ ನೀರು ಬೇಕು ಅನ್ನೋದೇ ನಮಗೆ ಹೊಳೆಯಲಿಲ್ಲ. ಮೇಲೆ ಬೇಸಿಗೆ ರಜೆ, ರಾಯಚೂರಿನ ಬಿಸಿಲು. ಜೂನ್‌ನಲ್ಲಿ ನೋಡಿದರೆ ಬ್ಯಾಟರಿ ಒಣಗಿ ಸತ್ತಿದ್ದವು. ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ ರಾಜ್ಯಕ್ಕೆಲ್ಲ ಕರೆಂಟ್ ತಯಾರಾಗುತ್ತೆ, ನಮ್ಮೂರಲ್ಲಿ ಪಿರಿಯಡ್ ನಡುವೆಯೇ ಹೋಗುತ್ತೆ. ಹಾಗೆ ಆಫ್ ಆಗಿ ಆಗಿ ಮಷಿನ್‌ಗಳೂ ಕೆಟ್ಟವು. ಆಗ ಎಂಟನೇ ಕ್ಲಾಸಿಗೆ ಬಂದ ಮಕ್ಕಳು ಕೀಬೋರ್ಡ್ ಮುಟ್ಟದೆಯೇ ಎಸ್ಸೆಸ್ಸೆಲ್ಸಿ ದಾಟಿದರು. ಆ ನೋವು ಇನ್ನೂ ಇದೆ.

ಮೇಷ್ಟ್ರ ಕೊರತೆ ಅಲ್ಲ ಮೇಡಂ ಇದು. ನಮ್ಮ ಮಕ್ಕಳು ಬರೆಯೋದು 625 ಅಂಕಕ್ಕೆ, ಅದರಲ್ಲಿ ಕಂಪ್ಯೂಟರ್‌ಗೆ ಒಂದು ಅಂಕವೂ ಇಲ್ಲ. ಬೇರೆ ಪಿರಿಯಡ್ ಇಟ್ಟರೆ ಪರೀಕ್ಷೆ ಹತ್ತಿರ ಬಂದಾಗ ಗಣಿತದವರು ಅದನ್ನು ಕಿತ್ತುಕೊಳ್ತಾರೆ. ನಾನೇ ಕಿತ್ತುಕೊಂಡಿದ್ದೇನೆ. ಗಣಿತವನ್ನೇ ಲ್ಯಾಬಲ್ಲಿ ಹೇಳಿದರೆ ಕಿತ್ತುಕೊಳ್ಳೋರು ಯಾರು?

2016-17ರಲ್ಲಿ ಸರ್ಕಾರದ ಟಾಲ್ಪ್ ಕಾರ್ಯಕ್ರಮ ಬಂತಲ್ವಾ, ಕಂಪ್ಯೂಟರ್ ಬಳಸಿ ಪಾಠ ಹೇಳೋಕೆ ವಿಷಯ ಶಿಕ್ಷಕರಿಗೇ ತರಬೇತಿ. ನನಗೆ ಧೈರ್ಯ ಬಂದದ್ದು ಅಲ್ಲೇ. ಈಗ ವೃತ್ತದ ಪಾಠವನ್ನು ಜಿಯೋಜೀಬ್ರಾ ಅನ್ನೋ ಗಣಿತದ ಸಾಫ್ಟ್‌ವೇರ್‌ನಲ್ಲಿ ಮಾಡುತ್ತೇನೆ. ದುಡ್ಡು ಬೇಡ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತೆ. ಹೊರಗಿನ ಬಿಂದುವಿನಿಂದ ಎರಡು ಸ್ಪರ್ಶಕ ಎಳೆಸಿ, ಬಿಂದುವನ್ನು ಮಕ್ಕಳ ಕೈಗೆ ಬಿಡಿ. ಎಲ್ಲಿಗೆ ಒಯ್ದರೂ ಎರಡರ ಉದ್ದ ಒಂದೇ. "ಸರ್, ಪಾಯಿಂಟ್ ಒಳಗ ತಂದ್ರ ಗೆರಿನ ಇಲ್ರಿ!" ಅಂದಳು ಒಬ್ಬ ಹುಡುಗಿ. ಪ್ರಶ್ನೆ ಕೇಳದ ಹುಡುಗಿ ಅವಳು. ಯಾಕೆ ಅಂತ ಇಡೀ ಕ್ಲಾಸ್ ಜಗಳ ಆಡಿತು.

ಎಸ್‌ಡಿಎಂಸಿ ದುಡ್ಡನ್ನು ಬ್ಯಾಟರಿಗೆ ಇಡಿ. ಕೀಲಿ ಗಣಿತ, ವಿಜ್ಞಾನದವರಿಬ್ಬರ ಹತ್ತಿರವೂ ಇರಲಿ. ಕನ್ನಡದವರಿಗೆ ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರ್ ಹಾಕಿಕೊಡಿ, ಪ್ರಬಂಧ ಅಲ್ಲೇ ಬರೆಸಲಿ. ಏಪ್ರಿಲ್, ಮೇನಲ್ಲಿ ಬ್ಯಾಟರಿಗೆ ನೀರು ಹಾಕೋರು ಯಾರು ಅಂತ ರಜೆಗೆ ಮೊದಲೇ ಹೆಸರು ಬರೆದಿಡಿ.